ಪ್ಯಾರೀಸ್ ಕಾರ್ನರ್ – ಕೋಟೆಯ ಹೊರಗಿನ ಪೇಟೆ

ಊರಿನಿಂದ ನಂಟರು ಬಂದರೆ ಅವರಿಗೆ ತೋರಿಸತಕ್ಕ ಸ್ಥಳಗಳ ಪಟ್ಟಿಯೊಂದು ಮದರಾಸಿನ ಪ್ರತಿಯೊಬ್ಬ ಕನ್ನಡಿಗನ ಮನೆಯಲ್ಲೂ ಸಿದ್ಧವಾಗಿರುತ್ತದೆ. ಮೆರೀನಾ ಕಡಲತೀರ, ಮೈಲಾಪುರದ ಕಪಾಲೀಶ್ವರ, ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ, ಕೊನೆಗೆ ತ್ಯಾಗರಾಯನಗರದ ಸೀರೆಯ ಅಂಗಡಿಗಳು. ಕೊನೆಯದನ್ನು ಮೊದಲು ತೋರಿಸಬೇಕೆಂಬುದು ನಮ್ಮ ಮನೆಯಾಕೆಯ ಮತ. ಪಟ್ಟಿ ಯಾವ ಕ್ರಮದಲ್ಲಿದ್ದರೂ ಅದರಲ್ಲಿ ಪ್ಯಾರೀಸ್ ಕಾರ್ನರಿನ ಹೆಸರು ಮಾತ್ರ ಇರುವುದಿಲ್ಲ. ಹನ್ನೊಂದು ವರ್ಷಗಳಿಂದ ಅಲ್ಲಿಯ ಸರಕಾರಿ ಕಛೇರಿಯೊಂದರಲ್ಲಿ ಗುಮಾಸ್ತೆ ಕೆಲಸ ಮಾಡಿಕೊಂಡಿರುವ ನಮಗೆ ಇದು ದೊಡ್ಡ ಅನ್ಯಾಯವೆಂದು ತೋರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಆ ಬೀದಿಗಳಲ್ಲಿ ಸುತ್ತಿ ಕಂಡದ್ದನ್ನೂ, ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ ನಾಲ್ಕು ಮಾತು ಬರೆಯುತ್ತೇವೆ.

ಮೊದಲು ಹೆಸರಿನ ವಿಚಾರ. ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತಾಮಸ್ ಪ್ಯಾರಿ ಎಂಬ ವೇಲ್ಸ್ ದೇಶದ ಯುವಕನೊಬ್ಬ ೧೭೮೮ರಲ್ಲಿ ಮದರಾಸಿಗೆ ಬಂದು ವ್ಯಾಪಾರ ಆರಂಭಿಸಿದ. ೧೮೦೩ರಲ್ಲಿ ಈ ಮೂಲೆಯ ನಿವೇಶನವನ್ನು ಕೊಂಡ. ಆಗ ಬಂದರು ಇನ್ನೂ ಕಟ್ಟಿರಲಿಲ್ಲ. ಕಡಲು ಹತ್ತಿರದಲ್ಲೇ ಇತ್ತು. ೧೮೨೪ರಲ್ಲಿ ಆತ ಕಾಲರಾದಿಂದ ತೀರಿಕೊಂಡ. ಮೂಲೆಗೆ ಅವನ ಹೆಸರು ಉಳಿಯಿತು. ಇಂದು ಅಲ್ಲಿ ನಿಂತಿರುವ ‘ಡೇರ್ ಹೌಸ್’ ಎಂಬ ಎತ್ತರದ ಕಟ್ಟಡ ೧೯೪೦ರ ಹೊತ್ತಿಗೆ ಮುಗಿದದ್ದು. ಡೇರ್ ಎಂಬುವನು ಪ್ಯಾರಿಯ ಪಾಲುದಾರ. ೧೯೮೧ರಲ್ಲಿ ಆ ಸಂಸ್ಥೆ ಚೆಟ್ಟಿನಾಡಿನ ಮುರುಗಪ್ಪ ಮನೆತನದ ಕೈಗೆ ಬಂತು.

ಈ ಕಟ್ಟಡದ ಆವರಣದಲ್ಲಿ ಒಂದು ಕಲ್ಲುಕಂಬವಿದೆ. ದಾರಿಹೋಕರು ಅದನ್ನು ಗಮನಿಸುವುದಿಲ್ಲ. ಆದರೆ ಇಡೀ ಊರಿನ ಚರಿತ್ರೆಯನ್ನು ಅರಿಯಲು ಅದೊಂದು ಕಂಬ ಸಾಕು.

ಇಂಗ್ಲಿಷರು ೧೬೩೯ರಲ್ಲಿ ಇಲ್ಲಿಯ ನಾಯಕರಿಂದ ನೆಲದ ಹಕ್ಕನ್ನು ಪಡೆದು ಸಂತ ಜಾರ್ಜ್ ಕೋಟೆಯನ್ನು ಕಟ್ಟತೊಡಗಿದರು. ಅವರಿಗೆ ಬೇಕಾಗಿದ್ದದ್ದು ಬಟ್ಟೆ. ಬಟ್ಟೆಯೆಂದರೆ ನೇಯುವವರು ಬೇಕು, ಒಗೆಯುವವರು ಬೇಕು, ಬಣ್ಣ ಹಾಕುವವರು ಬೇಕು, ಮುಂಗಡ ಹಂಚುವ ಸಾಹುಕಾರರು ಬೇಕು, ಎರಡು ಭಾಷೆ ಬಲ್ಲ ದುಭಾಷಿಗಳು ಬೇಕು, ಸರಕನ್ನು ಅಲೆ ದಾಟಿಸಿ ಹಡಗಿಗೆ ಮುಟ್ಟಿಸುವ ದೋಣಿಕಾರರು ಬೇಕು. ಇವರೆಲ್ಲ ಬಂದರು. ಆದರೆ ಕೋಟೆಯೊಳಗೆ ಇವರಿಗೆ ಸ್ಥಳವಿರಲಿಲ್ಲ. ಕೋಟೆಯ ಉತ್ತರಕ್ಕೆ, ಗೋಡೆಯ ಹೊರಗೆ ಮನೆ ಕಟ್ಟಿಕೊಂಡರು. ಆ ಹೊರಪೇಟೆಗೆ ಇಂಗ್ಲಿಷರು ‘ಬ್ಲ್ಯಾಕ್ ಟೌನ್’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಎಷ್ಟು ಮರ್ಯಾದೆಯಿದೆಯೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

೧೭೪೬ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು. ಕೋಟೆಗೆ ಹತ್ತಿರವಿದ್ದ ಮನೆಗಳನ್ನು ಕೆಡವಿದರು. ೧೭೪೯ರಲ್ಲಿ ಊರನ್ನು ಹಿಂದಕ್ಕೆ ಪಡೆದ ಇಂಗ್ಲಿಷರು ಉಳಿದದ್ದನ್ನೂ ಕೆಡವಿದರು. ಶತ್ರು ಬಂದರೆ ಕೋಟೆಯ ಫಿರಂಗಿಗೆ ಅಡ್ಡವಾಗದಂತೆ ಬಯಲು ಬೇಕಾಗಿತ್ತು. ಒಂದು ಊರಿಗೆ ಊರೇ, ಅದರ ದೇವಸ್ಥಾನ, ಬಾವಿ, ಅಂಗಡಿ, ಮನೆಗಳೊಡನೆ ಅಳಿದುಹೋಯಿತು. ಜನ ಇನ್ನೂ ಉತ್ತರಕ್ಕೆ ಸರಿದು ಹೊಸದಾಗಿ ನೆಲೆ ನಿಂತರು. ಇನ್ನು ಮುಂದೆ ಈ ಗೆರೆಯಿಂದ ಕೋಟೆಯ ಕಡೆಗೆ ಯಾರೂ ಮನೆ ಕಟ್ಟಕೂಡದೆಂದು ೧೭೭೩ರಲ್ಲಿ ಆರು ಗಡಿಕಂಬಗಳನ್ನು ನೆಟ್ಟರು. ಐದು ಹೋಗಿವೆ. ಉಳಿದಿರುವ ಒಂದೇ ಒಂದು, ನಾವು ಹೇಳಿದ ಕಂಬ. ಅಳಿದ ಊರಿನ ನೆಲದ ಮೇಲೆ ಇಂದು ನಿಂತಿರುವುದು, ೧೮೯೨ರಲ್ಲಿ ತೆರೆದ ಕೆಂಪು ಗೋಪುರಗಳ ಹೈಕೋರ್ಟು.

ಹೊಸ ಪೇಟೆಗೂ ನಮ್ಮ ಕನ್ನಡನಾಡಿಗೂ ವಿಚಿತ್ರವಾದ ಸಂಬಂಧವೊಂದಿದೆ. ೧೭೬೯ರಲ್ಲಿ ಮೈಸೂರಿನ ಹೈದರಾಲಿ ಸೈನ್ಯದೊಡನೆ ಮದರಾಸಿನ ಬಾಗಿಲಿಗೇ ಬಂದು ನಿಂತು, ತನಗೆ ಬೇಕಾದಂತೆ ಸಂಧಿ ಮಾಡಿಸಿಕೊಂಡು ಹೋದನಷ್ಟೆ. ಅವನ ಭಯದಿಂದಲೇ ಇಂಗ್ಲಿಷರು ಹೊರಪೇಟೆಯ ಉತ್ತರಕ್ಕೂ ಪಶ್ಚಿಮಕ್ಕೂ ಗೋಡೆ ಎತ್ತಿದರು. ಗೋಡೆಯ ಖರ್ಚಿಗೆಂದು ನಿವಾಸಿಗಳ ಮೇಲೆ ಕಂದಾಯ ಹಾಕಿದರು. ಆ ಕಂದಾಯ ವಸೂಲಾಗಲೇ ಇಲ್ಲವೆಂದು ಚರಿತ್ರಕಾರರು ಬರೆದಿದ್ದಾರೆ. ಗೋಡೆಯ ಒಂದೆರಡು ತುಣುಕು ಬಿಟ್ಟರೆ ಉಳಿದದ್ದೆಲ್ಲ ಹೋಯಿತು. ಆದರೆ ಕೊಡದ ಕಂದಾಯದ ಹೆಸರು ‘ವಾಲ್‌ಟ್ಯಾಕ್ಸ್ ರಸ್ತೆ’ ಎಂದು ಸೆಂಟ್ರಲ್ ಸ್ಟೇಷನ್ನಿನ ಪಕ್ಕದಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಕಂದಾಯದ ಕಾಗದಪತ್ರಗಳ ನಡುವೆ ದಿನ ಕಳೆಯುವ ನಮಗೆ ಆ ರಸ್ತೆಯ ಮೇಲೆ ವಿಶೇಷ ಮಮತೆ.

ಈ ಪೇಟೆ ಎರಡು ಭಾಗವಾಗಿತ್ತು. ಪೂರ್ವಕ್ಕೆ ಮುತ್ಯಾಲಪೇಟೆ, ಪಶ್ಚಿಮಕ್ಕೆ ಪೆದ್ದನಾಯಕನಪೇಟೆ. ನಡುವೆ ಕೊಳಚೆಯ ಹಳ್ಳ. ಪೋಫಮ್ ಎಂಬ ವಕೀಲನೊಬ್ಬ ೧೭೮೦ರ ದಶಕದಲ್ಲಿ ಆ ಹಳ್ಳವನ್ನು ಬತ್ತಿಸಿ ರಸ್ತೆ ಮಾಡಿಸಿದ. ಅದೇ ಬ್ರಾಡ್‌ವೇ. ೧೯೨೮ರಲ್ಲಿ ಸೈಮನ್ ಆಯೋಗದ ವಿರುದ್ಧ ನಡೆದ ಪ್ರತಿಭಟನೆಯಲ್ಲಿ ಪ್ಯಾರೀಸ್ ಕಾರ್ನರಿನ ಬಳಿ ಪೋಲೀಸರ ಬಂದೂಕಿಗೆ ಎದೆಯೊಡ್ಡಿದ ಆಂಧ್ರನಾಯಕ ಟಂಗುಟೂರಿ ಪ್ರಕಾಶಂ ಅವರ ಹೆಸರು ಈಗ ಆ ರಸ್ತೆಗಿದೆ. ತಮಿಳುನಾಡಿನ ರಾಜಧಾನಿಯಲ್ಲಿ, ವೇಲ್ಸ್‌ನವನ ಮೂಲೆಯ ಪಕ್ಕದಲ್ಲಿ, ತೆಲುಗರ ನಾಯಕರ ಹೆಸರಿನ ರಸ್ತೆ!

ಹಾಗೆಂದು ಇಲ್ಲಿ ಎಲ್ಲರೂ ಮೊದಲಿನಿಂದ ಅಣ್ಣತಮ್ಮಂದಿರಂತೆ ಬಾಳಿದರೆಂದು ಭಾವಿಸಬಾರದು. ಬಲಗೈ ಜಾತಿ, ಎಡಗೈ ಜಾತಿ ಎಂಬ ಪಂಗಡಗಳ ಜಗಳ ೧೬೫೨ರಲ್ಲೇ ಬೀದಿಗೆ ಬಂದಿತ್ತು. ೧೭೦೭ರಲ್ಲಿ ಮದುವೆ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕೆಂಬಂಥ ವಿಷಯಗಳಿಗೆ ದೊಡ್ಡ ಗಲಭೆಯಾಗಿ, ಯಾರಿಗೆ ಯಾವ ಬೀದಿಯೆಂದು ಹಂಚಬೇಕಾಯಿತು. ಒಟ್ಟಿಗೆ ಬಾಳುವುದನ್ನು ಈ ಪೇಟೆ ಪುಸ್ತಕದಿಂದ ಕಲಿಯಲಿಲ್ಲ. ಒಬ್ಬನ ಸರಕು ಇನ್ನೊಬ್ಬನ ಸಾಲವಿಲ್ಲದೆ ಹಡಗು ಹತ್ತುತ್ತಿರಲಿಲ್ಲ, ಆದ್ದರಿಂದ ಕಲಿಯಿತು.

ಒಟ್ಟಾಗಿ ಮಾಡಿದ ಕೆಲಸಗಳೂ ಇವೆ. ಹಳೆಯ ಊರಿನೊಡನೆ ಅಳಿದ ಚೆನ್ನಕೇಶವ ದೇವಸ್ಥಾನವನ್ನು ೧೭೬೦ರ ದಶಕದಲ್ಲಿ ಹೊಸ ಪೇಟೆಯ ದೇವರಾಜ ಮುದಲಿ ಬೀದಿಯ ಬಳಿ ಮರಳಿ ಕಟ್ಟಿದರು. ಮಣಲಿ ಮುತ್ತುಕೃಷ್ಣ ಮುದಲಿಯಾರ್ ಮುಂದೆ ನಿಂತು ನಡೆಸಿದ ಕೆಲಸ ಅದು. ಚೆನ್ನಕೇಶವನೂ ಚೆನ್ನಮಲ್ಲೀಶ್ವರನೂ ಅಕ್ಕಪಕ್ಕದಲ್ಲೇ ಇದ್ದಾರೆ. ಹರಿಗೂ ಹರನಿಗೂ ನಡುವೆ ಗಡಿಕಂಬ ನೆಡಬೇಕೆಂದು ಯಾರಿಗೂ ತೋರಲಿಲ್ಲ.

ಈಗ ಬೀದಿಗಳಿಗೆ ಬರೋಣ. ಬೀದಿಯ ಹೆಸರುಗಳನ್ನು ಓದಿಕೊಂಡು ಹೋದರೆ ಸಾಕು, ಇಲ್ಲಿ ಯಾರು ಯಾರು ಬಾಳಿದರೆಂಬುದರ ಜನಗಣತಿ ಸಿಕ್ಕುತ್ತದೆ. ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿ – ವರ್ತಕರವು. ಗೋವಿಂದಪ್ಪ ನಾಯಕನ ಬೀದಿ, ಅಂಗಪ್ಪ ನಾಯಕನ ಬೀದಿ. ಜಾಫರ್ ಸಾರಂಗ್ ಬೀದಿ – ಸಾರಂಗನೆಂದರೆ ಹಡಗಿನ ಆಳುಗಳ ಮುಖಂಡ. ಪೋರ್ಚುಗೀಸ್ ಚರ್ಚ್ ಬೀದಿ. ಅರ್ಮೇನಿಯನ್ ಬೀದಿ. ಹವಳದವರ ಬೀದಿಯೊಂದಿದೆ; ಮೆಡಿಟರೇನಿಯನ್ ಸಮುದ್ರದ ಹವಳವನ್ನು ತಂದು ಗೋಲ್ಕೊಂಡದ ವಜ್ರವನ್ನು ಕೊಂಡೊಯ್ಯುತ್ತಿದ್ದ ಯೆಹೂದಿ ವರ್ತಕರ ನೆನಪು ಅದರಲ್ಲಿದೆ. ಸಾಹುಕಾರಪೇಟೆಗೆ ಬಂದರೆ ಗುಜರಾತಿ, ಮಾರವಾಡಿ ಮಾತುಗಳೇ ಹೆಚ್ಚು ಕಿವಿಗೆ ಬೀಳುತ್ತವೆ. ಮಿಂಟ್ ಬೀದಿಯಲ್ಲಿ ಕಚೋರಿ, ಜಿಲೇಬಿಗಳ ವಾಸನೆ. ಮಣ್ಣಡಿಗೆ ತಿರುಗಿದರೆ ತಮಿಳು ಮುಸಲ್ಮಾನರ ವ್ಯಾಪಾರದ ಮನೆಗಳು.

ಒಂದೊಂದು ಬೀದಿಗೆ ಒಂದೊಂದು ಸರಕು ಎಂಬುದು ಇಲ್ಲಿಯ ಇನ್ನೊಂದು ವಿಶೇಷ. ಗೋಡೌನ್ ಬೀದಿಯಲ್ಲಿ ಜವಳಿ, ಗೋವಿಂದಪ್ಪ ನಾಯಕನ ಬೀದಿಯಲ್ಲಿ ಏಲಕ್ಕಿ, ಗೋಡಂಬಿ, ಕೇಸರಿ. ದೇವರಾಜ ಮುದಲಿ ಬೀದಿಯಲ್ಲಿ ಗಾಜು, ಕನ್ನಡಿ. ಆಂಡರ್ಸನ್ ಬೀದಿಯಲ್ಲಿ ಕಾಗದ ಮತ್ತು ಲಗ್ನಪತ್ರಿಕೆ. ಒಂದೇ ಸರಕಿನ ಇಪ್ಪತ್ತು ಅಂಗಡಿ ಒಂದೇ ಸಾಲಿನಲ್ಲಿದ್ದರೆ ವ್ಯಾಪಾರ ಕೆಡುವುದಿಲ್ಲವೇ ಎಂದು ವರ್ತಕರೊಬ್ಬರನ್ನು ಕೇಳಿದೆವು. ಗಿರಾಕಿಗೆ ಬೀದಿ ಗೊತ್ತಿದ್ದರೆ ತಾನೆ ಅಂಗಡಿ ಗೊತ್ತಾಗುವುದು, ತಮ್ಮಲ್ಲಿ ಇಲ್ಲದ ಮಾಲನ್ನು ಪಕ್ಕದ ಅಂಗಡಿಯಿಂದ ತರಿಸಿಕೊಡುತ್ತೇವೆ ಎಂದರು ಅವರು. ಅರ್ಥಶಾಸ್ತ್ರವನ್ನು ಬಿ.ಎ.ಗೆ ಓದಿದ್ದ ನಮಗೆ ಪಾಠ ಅಲ್ಲಿ ಮುಗಿಯಿತು.

ಆಂಡರ್ಸನ್ ಬೀದಿಯಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ಹೇಳಬೇಕು. ನಮ್ಮ ಭಾವಮೈದುನನ ಮದುವೆಗೆ ಲಗ್ನಪತ್ರಿಕೆ ಅಚ್ಚು ಮಾಡಿಸುವ ಹೊಣೆ ನಮ್ಮ ಮೇಲೆ ಬಿತ್ತು. ಶಾಲೆಗೆ ರಜವಾದ್ದರಿಂದ ಒಂಬತ್ತು ವರ್ಷದ ಮಗನೂ ಜೊತೆಗೆ ಬಂದ. ಅಂಗಡಿಯ ಹಿರಿಯರು ತೆಲುಗರು. ಮೂರು ತಲೆಮಾರಿನಿಂದ ಪೆದ್ದನಾಯಕನಪೇಟೆಯವರು. ಕನ್ನಡದ ಕರಡಚ್ಚನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿ, ಒಂದೆರಡು ಕಡೆ ಎಡವಿ, ಪೂರ್ತಿಯಾಗಿ ಓದಿಬಿಟ್ಟರು. “ಬಂಧುಮಿತ್ರರೊಡನೆ ಆಗಮಿಸಿ” ಎಂಬಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ತೋರಿಸಿಕೊಟ್ಟವರೂ ಅವರೇ. ನಾವು ಆಶ್ಚರ್ಯಪಟ್ಟದ್ದಕ್ಕೆ ನಗುತ್ತ, “ಮೀ ಲಿಪಿ, ಮಾ ಲಿಪಿ ಅಕ್ಕಚೆಲ್ಲೆಳ್ಳು ಕದಾ ಸಾರ್!” ಎಂದರು. ನಿಮ್ಮ ಲಿಪಿ ನಮ್ಮ ಲಿಪಿ ಅಕ್ಕತಂಗಿಯರಲ್ಲವೇ ಎಂದು ಅದರ ಅರ್ಥ. ಆಮೇಲೆ ಪತ್ರಿಕೆಯನ್ನು ನಮ್ಮ ಮಗನ ಮುಂದೆ ಹಿಡಿದು, “ನೀನು ಓದಪ್ಪ, ನಿಮ್ಮ ಮಾಮನ ಹೆಸರು ಎಲ್ಲಿದೆ?” ಎಂದು ತಮಿಳಿನಲ್ಲಿ ಕೇಳಿದರು. ಹುಡುಗ ಪತ್ರಿಕೆಯನ್ನು ಒಮ್ಮೆ ನೋಡಿ, ನಮ್ಮ ಮುಖವನ್ನು ಒಮ್ಮೆ ನೋಡಿ, ಗಣಪತಿಯ ಚಿತ್ರದ ಮೇಲೆ ಬೆರಳಿಟ್ಟು ಸುಮ್ಮನಾದ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

ಅಂದು ಕಛೇರಿಗೆ ಹಿಂದಿರುಗುವಾಗ ಅರ್ಮೇನಿಯನ್ ಬೀದಿಯ ಮೇಲೆಯೇ ಹೋಗಬೇಕಾಯಿತು. ಅಲ್ಲಿ ಅರ್ಮೇನಿಯನ್ನರ ಚರ್ಚು ಇದೆ. ಮೊದಲು ೧೭೧೨ರಲ್ಲಿ ಹಳೆಯ ಊರಿನಲ್ಲಿ ಕಟ್ಟಿದ್ದು ನಾಶವಾಗಿ, ಈಗಿನದು ೧೭೭೨ರಲ್ಲಿ ಎದ್ದಿತು. ಗಂಟೆಗೋಪುರ ಬೇರೆಯಾಗಿ ನಿಂತಿದೆ. ಅದರಲ್ಲಿ ಆರು ದೊಡ್ಡ ಗಂಟೆಗಳು. ಅಂಗಳದ ತುಂಬ ಹಾಸುಗಲ್ಲಿನಂತಹ ಸಮಾಧಿಗಳು, ಅವುಗಳ ಮೇಲೆ ನಮಗೆ ಓದಲು ಬಾರದ ಲಿಪಿ. ಈ ಜನ ಪರ್ಷಿಯಾದ ಕಡೆಯಿಂದ ಬಂದ ವರ್ತಕರು. ಅವರಲ್ಲಿ ಪೆಟ್ರಸ್ ಉಸ್ಕಾನ್ ಎಂಬಾತ ೧೭೨೬ರಲ್ಲಿ ಸೈದಾಪೇಟೆಯ ಬಳಿ ಅಡಯಾರು ಹೊಳೆಗೆ ತನ್ನ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದ. ಹಳೆಯ ಸೇತುವೆ ಹೋಗಿ ಅದೇ ಜಾಗದಲ್ಲಿ ಹೊಸದು ಬಂದಿದೆ. ಆದರೆ ನಗರದಿಂದ ದಕ್ಷಿಣಕ್ಕೆ ಹೊರಡುವವರಿಗೆ ದಾರಿಯನ್ನು ಹಾಕಿಕೊಟ್ಟವನು ಅವನು.

ನಮ್ಮ ಪತ್ರಿಕೆಯ ವಾಚಕರು ಅಗತ್ಯವಾಗಿ ತಿಳಿಯಬೇಕಾದ ವಿಷಯ ಇನ್ನೊಂದಿದೆ. ಪ್ರಪಂಚದಲ್ಲಿ ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ನಿಯತಕಾಲಿಕ ಹೊರಟದ್ದು ಅರ್ಮೇನಿಯಾದಲ್ಲಲ್ಲ, ಮದರಾಸಿನಲ್ಲಿ! ೧೭೯೪ರಲ್ಲಿ ಷ್ಮವೋನಿಯನ್ ಎಂಬ ಪಾದ್ರಿ ‘ಅಜ್ದರಾರ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ೧೭೯೬ರವರೆಗೆ ಅದು ನಡೆಯಿತು. ಪರನಾಡಿನಲ್ಲಿ ಬೆರಳೆಣಿಕೆಯ ಜನ ತಮ್ಮ ಭಾಷೆಯಲ್ಲಿ ಅಚ್ಚು ಮಾಡಿ ಹಂಚಿಕೊಂಡ ಹಾಳೆಗಳು ಇಂದು ಒಂದು ದೇಶದ ಪತ್ರಿಕಾಚರಿತ್ರೆಯ ಮೊದಲ ಅಧ್ಯಾಯವಾಗಿವೆ. ಆದರೆ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಲು ಊರಿನಲ್ಲಿ ಅರ್ಮೇನಿಯನ್ ಸಮಾಜವೇ ಉಳಿದಿಲ್ಲ. ಕಟ್ಟಡ ಚೊಕ್ಕಟವಾಗಿದೆ, ಗಂಟೆಗಳಿವೆ, ಬೀದಿಗೆ ಹೆಸರಿದೆ. ಹೆಸರಿನ ಜನ ಇಲ್ಲ. ಲಗ್ನಪತ್ರಿಕೆಯ ಕಟ್ಟನ್ನು ಬಗಲಲ್ಲಿಟ್ಟುಕೊಂಡು, ಮಗನ ಕೈ ಹಿಡಿದು ಆ ಬಾಗಿಲಿನ ಮುಂದೆ ಹಾದುಹೋಗುವಾಗ ನಮ್ಮ ಮನಸ್ಸಿಗೆ ಏನೆನ್ನಿಸಿತೆಂಬುದನ್ನು ವಾಚಕರೇ ಊಹಿಸಬಹುದು.

ಕನ್ನಡಿಗರ ಕಥೆಯೂ ಈ ಪೇಟೆಯಲ್ಲಿ ಇದೆ. ೧೯೫೩ರವರೆಗೆ ಬಳ್ಳಾರಿಯೂ, ೧೯೫೬ರವರೆಗೆ ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯೂ ಮದರಾಸಿನ ಆಡಳಿತದಲ್ಲಿದ್ದವು. ಗದ್ದೆಯ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಯಿತೆಂದರೆ ಇಲ್ಲಿಯ ಹೈಕೋರ್ಟಿಗೇ ಬರಬೇಕು. ಕಕ್ಷಿಗಾರರು ಬಂದರು, ವಕೀಲರು ಬಂದರು, ಓದಲು ಹುಡುಗರು ಬಂದರು, ಅವರ ಹಿಂದೆ ಅಡಿಗೆಯವರೂ ಬಂದರು. ಹಾಗೆ ಬಂದವರಲ್ಲಿ ಕಡಂದಲೆಯ ಕೃಷ್ಣರಾಯರೊಬ್ಬರು. ಅಡಿಗೆಮನೆಯ ಚಿಲ್ಲರೆ ಕೆಲಸದಿಂದ ಆರಂಭಿಸಿ, ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯಲ್ಲಿ ಸಣ್ಣ ಹೋಟೆಲು ನಡೆಸಿ, ಮೌಂಟ್ ರೋಡಿಗೆ ಹೋಗಿ, ೧೯೩೦ರ ದಶಕದ ಕೊನೆಗೆ ರಾಯಪೇಟೆಯಲ್ಲಿ ‘ವುಡ್‌ಲ್ಯಾಂಡ್ಸ್’ ತೆರೆದರು. ಉಡುಪಿಯ ಮಸಾಲೆದೋಸೆ ಮದರಾಸಿನ ಮನೆಮಾತಾಯಿತು. ೧೯೬೨ರಲ್ಲಿ ಆರಂಭವಾದ ಅವರ ‘ಡ್ರೈವ್ ಇನ್’ ಹೋಟೆಲು ೨೦೦೮ರಲ್ಲಿ ಮುಚ್ಚಿದಾಗ ಕಣ್ಣೀರಿಟ್ಟವರಲ್ಲಿ ಕನ್ನಡಿಗರಿಗಿಂತ ತಮಿಳರೇ ಹೆಚ್ಚಿದ್ದಿರಬೇಕು. ನಮ್ಮವರು ಬೀದಿಗೆ ಹೆಸರು ಬಿಡಲಿಲ್ಲ, ರುಚಿಯನ್ನು ಬಿಟ್ಟರು. ಬೆಂಗಳೂರಿನ ಬಸ್ಸುಗಳೂ ೨೦೦೨ರವರೆಗೆ ಇಲ್ಲಿಯ ಬ್ರಾಡ್‌ವೇ ನಿಲ್ದಾಣದಿಂದಲೇ ಹೊರಡುತ್ತಿದ್ದವು. ರಾತ್ರಿ ಅಲ್ಲಿ ನಿಂತರೆ ಕನ್ನಡ ಕೇಳುತ್ತಿತ್ತೆಂದು ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ‘ಬ್ಲ್ಯಾಕ್ ಟೌನ್’ ಎಂಬ ಹೆಸರು ಹೋಗಿ ‘ಜಾರ್ಜ್‌ಟೌನ್’ ಆಯಿತು. ಅಷ್ಟರಲ್ಲಿ ಹೊರಪೇಟೆ ಊರಿನ ನಡುಮನೆಯಾಗಿತ್ತು. ಬ್ಯಾಂಕು, ಅಂಚೆಕಛೇರಿ, ಬಂದರು, ಕೋರ್ಟು ಎಲ್ಲವೂ ಇಲ್ಲೇ. ೧೮೯೫ರಿಂದ ೧೯೫೩ರವರೆಗೆ ಟ್ರಾಮುಗಳೂ ಇಲ್ಲಿ ಓಡಿದವು. ಆಮೇಲೆ ಗಾಳಿ ಮತ್ತೆ ತಿರುಗಿತು. ೧೯೩೧ರಲ್ಲಿ ಬೀಚ್ ಸ್ಟೇಷನ್ನಿನಿಂದ ತಾಂಬರಕ್ಕೆ ವಿದ್ಯುತ್ ರೈಲು ಬಂತು. ಪ್ಯಾರೀಸ್ ಕಾರ್ನರಿನಲ್ಲಿ ದುಡಿದು ಮೂವತ್ತು ಕಿಲೋಮೀಟರು ದೂರದಲ್ಲಿ ಮನೆ ಮಾಡುವುದು ಗುಮಾಸ್ತರಿಗೂ ಸಾಧ್ಯವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ರಾಷ್ಟ್ರಪತಿಗಳೂ ಆದ ರಾಧಾಕೃಷ್ಣನ್ ಓದಿದ ಕ್ರಿಶ್ಚಿಯನ್ ಕಾಲೇಜು ಇದೇ ಪೇಟೆಯಲ್ಲಿತ್ತು. ೧೯೩೭ರಲ್ಲಿ ಅದು ತಾಂಬರಕ್ಕೆ ಹೋಯಿತು. ೧೯೯೬ರಲ್ಲಿ ಕೊತ್ತವಾಲ್ ಚಾವಡಿಯ ತರಕಾರಿ ಪೇಟೆ ಕೋಯಂಬೇಡಿಗೆ ಹೋಯಿತು. ೨೦೦೨ರಲ್ಲಿ ದೂರದೂರಿನ ಬಸ್ಸುಗಳೂ ಅಲ್ಲಿಗೇ ಹೋದವು. ಆ ಕೋಯಂಬೇಡೂ ಈಗ ನಗರದ ನಡುವಾಯಿತೆಂದು ದಕ್ಷಿಣ ಜಿಲ್ಲೆಗಳ ಬಸ್ಸುಗಳಿಗಾಗಿ ೨೦೨೩ರ ಡಿಸೆಂಬರಿನಲ್ಲಿ ಕಿಳಂಬಾಕ್ಕಂನಲ್ಲಿ ಹೊಸ ನಿಲ್ದಾಣ ತೆರೆದರು. ಹೊರಗಿನದು ನಡುವಾಗುವುದು, ನಡುವಿನದು ಹೊರಕ್ಕೆ ಹೋಗುವುದು ಈ ಊರಿನ ಜಾಯಮಾನ.

ಹೋದವರ ಜಾಗಕ್ಕೆ ಬಂದವರೂ ಉಂಟು. ೧೯೬೨ರಲ್ಲಿ ಬರ್ಮಾದಲ್ಲಿ ಸೈನ್ಯದ ಆಡಳಿತ ಬಂದ ಮೇಲೆ ಅಂಗಡಿ, ಆಸ್ತಿ ಬಿಟ್ಟು ಬರಿಗೈಯಲ್ಲಿ ಹಿಂದಿರುಗಿದ ತಮಿಳರು, ಆ ದಶಕದ ಕೊನೆಗೆ ಬೀಚ್ ಸ್ಟೇಷನ್ನಿನ ಎದುರು ಸಾಲುಗಟ್ಟಿ ಅಂಗಡಿ ಹೂಡಿದರು. ಅದೇ ಬರ್ಮಾ ಬಜಾರು. ಸಂಜೆ ಹಿಂದಿನ ಬೀದಿಯಲ್ಲಿ ‘ಅತೋ’ ಎಂಬ ಬರ್ಮಾದ ಶಾವಿಗೆಯನ್ನು ಹುಣಿಸೆರಸ, ಈರುಳ್ಳಿ, ಕೋಸು ಬೆರೆಸಿ ಕೊಡುತ್ತಾರೆ. ಕಳೆದುಕೊಂಡ ಊರನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ!

ನಾವು ವಾಸವಾಗಿರುವುದು ತಾಂಬರದ ಆಚೆಯ ಹೊಸ ಬಡಾವಣೆಯಲ್ಲಿ. ನಮ್ಮ ಬೀದಿಯಲ್ಲಿ ಹದಿನಾರು ಮನೆ. ತಮಿಳರು, ತೆಲುಗರು, ಒಂದು ಮಲೆಯಾಳಿ ಮನೆ, ಒಂದು ಒರಿಯಾ ಮನೆ, ಕಟ್ಟಡದ ಕೆಲಸಕ್ಕೆ ಬಿಹಾರದಿಂದ ಬಂದ ಹುಡುಗರ ಕೊಠಡಿ, ಕನ್ನಡದ್ದು ನಮ್ಮದೊಂದೇ. ಮಳೆ ಬಂದರೆ ನೀರು ನಿಲ್ಲುತ್ತದೆ. ಆಗ ಎಲ್ಲರೂ ಒಂದೇ ಭಾಷೆಯಲ್ಲಿ ಮಾತನಾಡುತ್ತೇವೆ! ಬೊಂಬೆಹಬ್ಬಕ್ಕೆ ಹದಿನಾರು ಮನೆಯ ಮಕ್ಕಳೂ ನಮ್ಮಲ್ಲಿಗೆ ಬರುತ್ತಾರೆ. ಮುನ್ನೂರು ವರ್ಷಗಳ ಹಿಂದೆ ಕೋಟೆಯ ಹೊರಗಿದ್ದ ಪೇಟೆಯೂ ಹೀಗೆಯೇ ಕೊಚ್ಚೆಯ ನಡುವೆ ಆರಂಭವಾಯಿತಲ್ಲವೇ? ನಮ್ಮ ಬಡಾವಣೆಯೂ ಒಂದು ದಿನ ನಡುವಾದೀತು. ಅಂದು ಅಲ್ಲಿ ಕನ್ನಡದ್ದೆಂದು ಏನಿರುತ್ತದೆ ಎಂಬುದೇ ಪ್ರಶ್ನೆ.

ಆಂಡರ್ಸನ್ ಬೀದಿಯಿಂದ ಬಂದ ವಾರದಿಂದಲೇ ಭಾನುವಾರ ಬೆಳಿಗ್ಗೆ ನಮ್ಮ ವರಾಂಡದಲ್ಲಿ ಸ್ಲೇಟು ಬಳಪ ಬಂದಿವೆ. ಮಗ ಈಗ ಒತ್ತಕ್ಷರದವರೆಗೆ ಬಂದಿದ್ದಾನೆ. ಎದುರುಮನೆಯ ತೆಲುಗು ಹುಡುಗಿ ತಾನಾಗಿ ಬಂದು ಕುಳಿತು ಅವನಿಗಿಂತ ಬೇಗ ಕಲಿಯುತ್ತಿದ್ದಾಳೆ. ಅವಳ ಮುಂದೆ ಸೋಲಬಾರದೆಂಬ ಹಟ ಅವನಿಗೆ ಬಂದಿರುವುದು ನಮಗೆ ದೊಡ್ಡ ಉಪಕಾರ. ಸಂಘದ ಕಟ್ಟಡಕ್ಕೆ ಮಕ್ಕಳನ್ನು ವಾರ ವಾರ ಕರೆತರುವುದು ದೂರದ ಬಡಾವಣೆಗಳವರಿಗೆ ಕಷ್ಟ. ಆದ್ದರಿಂದ ಪಾಠವೇ ಬಡಾವಣೆಗಳಿಗೆ ಹೋಗಬೇಕು. ತಾಂಬರ, ಅಂಬತ್ತೂರು, ಪೋರೂರು, ವೇಲಚ್ಚೇರಿಗಳಲ್ಲಿ ಒಂದೊಂದು ಮನೆಯ ವರಾಂಡ ಸಿಕ್ಕಿದರೂ ಸಾಕು. ಬಾಗಿಲು ಎಲ್ಲ ಭಾಷೆಯವರಿಗೂ ತೆರೆದಿರಲಿ. ಈ ವಿಷಯವನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಇಡಬೇಕೆಂದು ಕೋರುತ್ತೇವೆ.

ಇನ್ನೊಂದು ಕೋರಿಕೆ ಹಿರಿಯ ವಾಚಕರಲ್ಲಿ. ಜಾರ್ಜ್‌ಟೌನಿನಲ್ಲಿ ಕನ್ನಡಿಗರು ಊಟ ಮಾಡುತ್ತಿದ್ದ ಹೋಟೆಲುಗಳು, ಬಾಡಿಗೆಗಿದ್ದ ಕೊಠಡಿಗಳು, ಹಬ್ಬಕ್ಕೆ ಸೇರುತ್ತಿದ್ದ ಮನೆಗಳು ಯಾವ ಬೀದಿಯಲ್ಲಿದ್ದವೆಂದು ನೆನಪಿದ್ದವರು ನಾಲ್ಕು ಸಾಲು ಬರೆದು ಈ ಪತ್ರಿಕೆಗೆ ಕಳುಹಿಸಬೇಕು. ನೋಡಬಯಸುವವರಿಗೆ ದಾರಿಯನ್ನೂ ಹೇಳಿಬಿಡುತ್ತೇವೆ: ಮೆಟ್ರೋ ರೈಲಿನ ಹೈಕೋರ್ಟು ನಿಲ್ದಾಣ ೨೦೧೯ರಲ್ಲಿ ತೆರೆದಿದೆ, ಅಲ್ಲಿ ಇಳಿಯಿರಿ. ಕೊಳ್ಳುವವರು ವಾರದ ದಿನ ಬನ್ನಿ. ಕಟ್ಟಡಗಳನ್ನು ನೋಡುವವರಿಗೆ ಭಾನುವಾರ ಬೆಳಿಗ್ಗೆ ಮೇಲು. ಗಡಿಕಂಬವಿರುವುದು ಖಾಸಗಿ ಆವರಣದಲ್ಲಿ. ಕಾವಲಿನವರ ಅನುಮತಿ ಕೇಳುವುದು ಮರ್ಯಾದೆ. ಮಕ್ಕಳನ್ನು ಕರೆದುಕೊಂಡು ಬನ್ನಿ.